ಬೇಸಿಗೆ ರಜೆಯಲ್ಲಿ ಏನು ಮಾಡಿದರೆ ಕಾಲೇಜು ಅರ್ಜಿಗೆ ತೂಕ ಬರುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ವಿರಾಜಪೇಟೆ ಹತ್ತಿರ ಕಾಫಿ ತೋಟದ ಮನೆ. ಮೊದಲ ಪಿಯುಸಿ ಈಗಷ್ಟೇ ಮುಗಿದಿದೆ. ಅಮೆರಿಕದ ಕೆಲವು ಕಾಲೇಜುಗಳಿಗೂ ಇಲ್ಲಿನ ಒಂದೆರಡು ಖಾಸಗಿ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕುವ ಆಸೆ ಇದೆ. ಎರಡು ವಾರದ ಸಮ್ಮರ್ ಪ್ರೋಗ್ರಾಂ ಒಂದಕ್ಕೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಸೇರಲಾ, ಇಲ್ಲ ಊರಲ್ಲೇ ಇದ್ದು ಏನಾದರೂ ಮಾಡಲಾ ಎಂದು ಕೇಳಿದ್ದೀರಿ.

ಸೇರಬೇಡಿ. ಊರಲ್ಲೇ ಇರಿ.

ನಾನು ದಕ್ಷಿಣ ಕೊಡಗಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹೊರದೇಶಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಶಿಫಾರಸು ಪತ್ರ ಬರೆಯುವುದೂ ನನ್ನ ಪಾಲಿನ ಕೆಲಸ. ಹಾಗಾಗಿ ಅವರ ಅರ್ಜಿ, ಪ್ರಬಂಧ ಓದುವ ಅವಕಾಶ ಸಿಗುತ್ತದೆ. ದುಡ್ಡು ಕಟ್ಟಿ ತಂದ ಸರ್ಟಿಫಿಕೇಟಿನ ಬಗ್ಗೆ ಬರೆದ ಪ್ರಬಂಧಗಳೆಲ್ಲ ಒಂದೇ ಥರ ಇರುತ್ತವೆ. ಅಂಥ ಕಾರ್ಯಕ್ರಮ ದೊಡ್ಡ ವಿಶ್ವವಿದ್ಯಾಲಯದ ಅಂಗಳದಲ್ಲಿ ನಡೆದ ಮಾತ್ರಕ್ಕೆ ಆ ವಿಶ್ವವಿದ್ಯಾಲಯವೇ ನಿಮ್ಮನ್ನು ಆರಿಸಿದೆ ಎಂದಲ್ಲ. ಎಷ್ಟೋ ಕಡೆ ಬೇರೆ ಕಂಪನಿ ಜಾಗ ಬಾಡಿಗೆಗೆ ಪಡೆದು ನಡೆಸುತ್ತದೆ. ಅರ್ಜಿ ಓದುವವರಿಗೆ ಇದು ಚೆನ್ನಾಗಿ ಗೊತ್ತು. ಬಿಗಿಯಾಗಿ ಆರಿಸಿ, ಶುಲ್ಕವೇ ತೆಗೆದುಕೊಳ್ಳದ ಶಿಬಿರಗಳ ಮಾತು ಬೇರೆ. ನಿಮಗೆ ಒಂಬತ್ತನೇ ಕ್ಲಾಸಿನ ತಮ್ಮನೋ ತಂಗಿಯೋ ಇದ್ದರೆ ಇಸ್ರೋದ ಯುವಿಕಾ ಶಿಬಿರ ನೆನಪಿರಲಿ. 2019ರಲ್ಲಿ ಶುರುವಾಯಿತು, ಬೇಸಿಗೆಯಲ್ಲೇ ನಡೆಯುತ್ತದೆ, ಹಳ್ಳಿ ಮಕ್ಕಳಿಗೆ ಆದ್ಯತೆ ಇದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕಾಲೇಜುಗಳೂ ನಿಮ್ಮ ರಜೆಯ ಕೆಲಸ ನೋಡುವುದಿಲ್ಲ. ನೀಟ್‌ಗೆ ರ‍್ಯಾಂಕ್ ಬಿಟ್ಟರೆ ಬೇರೇನೂ ಬೇಡ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಕಾನೂನಿಗೆ ಕ್ಲಾಟ್. ಅಲ್ಲಿಗೆ ಹೋಗುವವರು ರಜೆಯಲ್ಲಿ ಪುಸ್ತಕ ಹಿಡಿದು ಕೂರುವುದೇ ಸರಿ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಇಲ್ಲವೇ ಬಿಎಸ್ಸಿ ಕೃಷಿ ಮನಸ್ಸಿನಲ್ಲಿದ್ದರೆ ಮಾತ್ರ ಸ್ವಲ್ಪ ಬೇರೆ. ಅಲ್ಲೂ ಸಿಇಟಿಯೇ, ಆದರೆ ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ತೋಟದಲ್ಲಿ ಓಡಾಡಿ ಬೀಜ, ಗೊಬ್ಬರ, ಸಲಕರಣೆ ಗುರುತು ಹಿಡಿಯುವುದು ಗೊತ್ತಿದ್ದವರಿಗೆ ಅದು ಸುಲಭ. ರಜೆಯ ಕೆಲಸಕ್ಕೆ ನಿಜವಾದ ಬೆಲೆ ಇರುವುದು ಅಶೋಕ, ಅಜೀಂ ಪ್ರೇಮ್‌ಜಿಯಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ, ಅಲ್ಲಿ ಸಂದರ್ಶನ ಇರುತ್ತದೆ. ಇನ್ನು ಅಮೆರಿಕ, ಇಂಗ್ಲೆಂಡಿನ ಅರ್ಜಿಗಳಲ್ಲಿ.

ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ಸಾಕು. ಅದರಲ್ಲಿ ಹೆಚ್ಚೆಂದರೆ 10 ಚಟುವಟಿಕೆ ಬರೆಯಬಹುದು. ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರ, ಅಷ್ಟೇ. ಅಲ್ಲಿ "ಪರಿಸರ ಸಂರಕ್ಷಣೆಯಲ್ಲಿ ಸಕ್ರಿಯವಾಗಿ ತೊಡಗಿಸಿಕೊಂಡೆ" ಎಂದು ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. "ಅಜ್ಜನ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದೆ, ಕಾಫಿ ಹೂ ಬಿಡಿಸುವ ಹೂಮಳೆ ಬಂದ ದಿನಗಳ ನಕ್ಷೆ ಮಾಡಿ ಊರಿನ ಬೆಳೆಗಾರರಿಗೆ ತೋರಿಸಿದೆ" ಎಂದರೆ ಓದುವವರು ಅಲ್ಲೇ ನಿಲ್ಲುತ್ತಾರೆ.

ಈ ಮಳೆ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಅದು ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆ ಅಲ್ವಾ? ಅಜ್ಜನ ಕಾಲದಿಂದ ಬಂದ ಡೈರಿಗಳು ಬೀರುವಿನಲ್ಲಿ ಸುಮ್ನೆ ಬಿದ್ದಿರುತ್ತವೆ. ಅಂಥ ದಾಖಲೆ ಎಷ್ಟು ದೊಡ್ಡ ಪ್ರಯೋಗಾಲಯದಲ್ಲೂ ಹೊಸದಾಗಿ ಹುಟ್ಟಿಸಲು ಆಗುವುದಿಲ್ಲ. ಅದನ್ನು ದಿನ ದಿನದಂತೆ ಸ್ಪ್ರೆಡ್‌ಶೀಟಿಗೆ ಏರಿಸಿ. ಇಂಚನ್ನು ಮಿಲಿಮೀಟರಿಗೆ ತಿರುಗಿಸಿ, ಒಂದು ಇಂಚು ಎಂದರೆ 25.4 ಮಿ.ಮೀ. ಹರಿದ ಪುಟ, ಬಿಟ್ಟ ದಿನ ಎಲ್ಲವನ್ನೂ ಗುರುತು ಹಾಕಿ. ಊಹೆ ಮಾಡಿ ತುಂಬಬೇಡಿ.

ಆಮೇಲೆ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ ಹೂಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಸುಮಾರು ಎಂಟು ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಹೂ ಬಿಡುತ್ತದೆ. ಅದಾಗಿ ಕೆಲವು ವಾರಕ್ಕೆ ಬ್ಯಾಕಿಂಗ್ ಮಳೆ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. "ಮೊದಲೆಲ್ಲ ಹೀಗಿರಲಿಲ್ಲ, ಈಗ ಮಳೆಗೆ ಹೊತ್ತು ಗೊತ್ತಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಅದು ನಿಜವಾ? ನಿಮ್ಮ ಪುಸ್ತಕವೇ ಹೇಳಲಿ. ಹೌದು ಎಂದು ಬಂದರೂ ಅಲ್ಲ ಎಂದು ಬಂದರೂ ಅದು ಉತ್ತರವೇ. ಪಕ್ಕದ ತೋಟದವರ ಡೈರಿಯೂ ಸಿಕ್ಕಿದರೆ ಹೋಲಿಸಿ. ಭಾಗಮಂಡಲದ ಕಡೆ ಸುರಿಯುವ ಮಳೆಗೂ ಕುಶಾಲನಗರದ ಕಡೆ ಬೀಳುವ ಮಳೆಗೂ ಅಜಗಜಾಂತರ. ಹಾಗಾಗಿ ಎರಡು ದಿಕ್ಕಿನ ಪುಸ್ತಕ ಸಿಕ್ಕರೆ ಕೆಲಸಕ್ಕೆ ಇನ್ನೂ ಬಲ. 2018ರ ಆಗಸ್ಟ್‌ನ ಪುಟಗಳನ್ನು ನಿಧಾನವಾಗಿ ನೋಡಿ. ಗುಡ್ಡ ಕುಸಿದ ಆ ದಿನಗಳಲ್ಲಿ ಎಷ್ಟು ಮಳೆ ಎಂದು ಬರೆದಿದ್ದಾರೆ, ಅದಕ್ಕೆ ಮೊದಲಿನ ವಾರಗಳಲ್ಲಿ ಎಷ್ಟು ಬಿದ್ದಿತ್ತು ಎಂದು ನಿಮ್ಮ ಕೈಯಾರೆ ಲೆಕ್ಕ ಹಾಕಿದಾಗ ಆ ಘಟನೆ ಬೇರೆಯೇ ಥರ ಅರ್ಥವಾಗುತ್ತದೆ.

ಕೊನೆಗೆ ಒಂದು ಹಾಳೆಯಷ್ಟು ಬರೆದು ಊರಿನ ಬೆಳೆಗಾರರಿಗೆ ತೋರಿಸಿ. "ನಿನ್ನ ಅಜ್ಜ ಊರಲ್ಲಿ ಇಲ್ಲದ ವರ್ಷ ಯಾರು ಬರೆದರು?" ಎಂದು ಯಾರಾದರೂ ಕೇಳುತ್ತಾರೆ. ಅಂಥ ಪ್ರಶ್ನೆಗೆ ನೀವು ಏನು ಮಾಡಿದಿರಿ ಎನ್ನುವುದೇ ಕಾಮನ್ ಆ್ಯಪ್ ಕೇಳುವ 650 ಪದದ ಪ್ರಬಂಧಕ್ಕೆ ಸಾಮಗ್ರಿ.

ಮಳೆ ಲೆಕ್ಕದಲ್ಲಿ ಆಸಕ್ತಿ ಇಲ್ಲವೆಂದರೆ ಬಲವಂತ ಇಲ್ಲ. ಜೀವಶಾಸ್ತ್ರ ಇಷ್ಟವಾ? ಅರೇಬಿಕಾ ಕಾಫಿ ಗಿಡ ಇದ್ದರೆ ಬಿಳಿ ಕಾಂಡಕೊರಕ ಎಂಬ ಕೀಟ ನೋಡಿ. ಅದರ ದುಂಬಿ ಹೊರಬರುವ ಎರಡು ಕಾಲಗಳಲ್ಲಿ ಏಪ್ರಿಲ್, ಮೇ ಒಂದು. ನೆರಳು ಜಾಸ್ತಿ ಇರುವ ಕಡೆ, ಕಡಿಮೆ ಇರುವ ಕಡೆ ಎಷ್ಟು ಗಿಡಕ್ಕೆ ಬಿದ್ದಿದೆ ಎಂದು ಸಾಲು ಹಿಡಿದು ಎಣಿಸಬಹುದು. ಅನುಮಾನ ಬಂದರೆ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಏಲಕ್ಕಿ ಬೆಳೆಯುವ ಮನೆಯವರಾದರೆ ಅಪ್ಪಂಗಳದ ಕೇಂದ್ರ. "ನಾನು ಇಷ್ಟು ಎಣಿಸಿದ್ದೇನೆ, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ" ಎಂದು ಲೆಕ್ಕದ ಹಾಳೆ ಸಮೇತ ಹೋಗಿ. ಸುಮ್ನೆ "ಇಂಟರ್ನ್‌ಶಿಪ್ ಕೊಡಿ" ಎಂದರೆ ಯಾರೂ ಕೊಡುವುದಿಲ್ಲ. ಕೆಲಸ ಮಾಡಿಕೊಂಡು ಬಂದ ಹುಡುಗಿಗೆ ಅರ್ಧ ಗಂಟೆ ಕೊಡದ ವಿಜ್ಞಾನಿಗಳು ಕಡಿಮೆ.

ಹಾಕಿ ಆಡುವವರಾದರೆ ಈ ಕಾಲವೇ ನಿಮ್ಮದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲೇ ನಡೆಯುತ್ತದೆ. ಆಡುವುದಷ್ಟೇ ಅಲ್ಲ, ಆತಿಥೇಯ ಒಕ್ಕಕ್ಕೆ (ಕೊಡವ ಮನೆತನಕ್ಕೆ) ಪಂದ್ಯಪಟ್ಟಿ, ಸ್ಕೋರು, ಖರ್ಚಿನ ಲೆಕ್ಕ ನೋಡಲು ಹುಡುಗರು ಬೇಕೇ ಬೇಕು. ಅದು ನಿಜವಾದ ಜವಾಬ್ದಾರಿ.

ಮನೆ ಕೆಲಸವನ್ನು ಮುಚ್ಚಿಡಬೇಡಿ. ಇದನ್ನು ನಮ್ಮ ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿದೆ. ಕಾಮನ್ ಆ್ಯಪ್‌ನಲ್ಲಿ ಕುಟುಂಬದ ಜವಾಬ್ದಾರಿ ಎಂದೇ ಒಂದು ವಿಭಾಗ ಇದೆ, ಸಂಬಳದ ಕೆಲಸಕ್ಕೂ ಒಂದು ಇದೆ. ಏಪ್ರಿಲ್, ಮೇನಲ್ಲಿ ಹೋಂಸ್ಟೇ ತುಂಬಿರುವಾಗ ಬುಕಿಂಗ್ ನೋಡಿಕೊಂಡಿರಾ? ಕಾರ್ಮಿಕರ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆದು ವಾರದ ಬಟವಾಡೆ ಲೆಕ್ಕ ಹಾಕಿದಿರಾ? ಕರಿಮೆಣಸು ಒಣಗಿಸಿ ತೂಕ ಹಾಕಿಸಿದಿರಾ? ಹುಷಾರಿಲ್ಲದ ಅಜ್ಜಿಯನ್ನು ನೋಡಿಕೊಂಡಿರಾ? ಬರೆಯಿರಿ. ವಾರಕ್ಕೆ ಎಷ್ಟು ಗಂಟೆ ಎಂದು ಅರ್ಜಿಯೇ ಕೇಳುತ್ತದೆ, ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ.

ಸಮಾಜಸೇವೆ ಬಗ್ಗೆ ಒಂದು ಕಳಕಳಿ. ಆದಿವಾಸಿಗಳ ಹಾಡಿಗೆ ಒಂದು ದಿನ ಹೋಗಿ, ಪೆನ್ಸಿಲ್ ಹಂಚಿ, ಫೋಟೋ ತೆಗೆಸಿಕೊಂಡು ಬರಬೇಡಿ. ಆ ಮಕ್ಕಳಿಗೂ ಮರ್ಯಾದೆ ಇದೆ. ಮಾಡುವುದಾದರೆ ನಿಮ್ಮ ತೋಟದ ಕಾರ್ಮಿಕರ ಲೈನ್ ಮನೆಯಲ್ಲೇ ಮಕ್ಕಳು ಇರುತ್ತಾರೆ. ಅಸ್ಸಾಂನಿಂದ ಬಂದ ಕಾರ್ಮಿಕರ ಮಕ್ಕಳಿಗೆ ಶಾಲೆಯ ಕನ್ನಡವೇ ದೊಡ್ಡ ಗೋಡೆ. ರಜೆ ಪೂರ್ತಿ ದಿನಾ ಸಂಜೆ ಅದೇ ನಾಲ್ಕು ಮಕ್ಕಳ ಜೊತೆ ಕೂತು ಓದಿಸಿ. ಜೂನ್‌ನಲ್ಲಿ ಆ ಮಗು ಬೋರ್ಡಿನ ಮೇಲಿನ ಸಾಲು ಓದಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗಂತೂ ಗೊತ್ತಿಲ್ಲ.

ಇಂಗ್ಲೆಂಡಿಗೂ ಹಾಕುವ ಯೋಚನೆ ಇದ್ದರೆ ಒಂದು ವ್ಯತ್ಯಾಸ. ಅಲ್ಲಿನ ಯುಕಾಸ್ ಅರ್ಜಿಯಲ್ಲಿ 2026ರ ಪ್ರವೇಶದಿಂದ ಒಂದು ಉದ್ದ ಪ್ರಬಂಧದ ಬದಲು ಮೂರು ಪ್ರಶ್ನೆ, ಒಟ್ಟು 4000 ಅಕ್ಷರ. ಮೂರನೆಯದು ಓದಿನ ಹೊರಗೆ ಏನು ತಯಾರಿ ಮಾಡಿದ್ದೀರಿ ಎಂಬುದು. ಅವರಿಗೆ ಆಟ, ಸೇವೆಗಿಂತ ನೀವು ಆರಿಸಿದ ವಿಷಯಕ್ಕೆ ಹತ್ತಿರದ ಕೆಲಸವೇ ಮುಖ್ಯ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಕೊನೆ ದಿನ ಅಕ್ಟೋಬರ್ 15.

ಈಗ ಕೊಡಗಿನವರು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಕಾದ ಸಂಗತಿ: ಮಳೆಗಾಲ. ಕಾಮನ್ ಆ್ಯಪ್ ಹೊಸ ವರ್ಷಕ್ಕೆ ತೆರೆಯುವುದು ಆಗಸ್ಟ್ 1ಕ್ಕೆ. ಆಗ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಬೇಗ ಹಾಕುವವರಿಗೆ ಸಾಮಾನ್ಯವಾಗಿ ನವೆಂಬರ್ 1 ಗಡುವು. ಅಷ್ಟರಲ್ಲಿ ಎರಡನೇ ಪಿಯುಸಿ ಪಾಠವೂ ತಲೆ ಮೇಲೆ ಇರುತ್ತದೆ. ಹಾಗಾಗಿ ಪ್ರಬಂಧದ ಮೊದಲ ಕರಡು ಮೇ ಮುಗಿಯುವುದರೊಳಗೆ ಆಗಲಿ, ಕೈಬರಹದಲ್ಲೇ ಆದರೂ ಸರಿ. ಎಸ್‌ಎಟಿ (ಅಮೆರಿಕದ ಕಾಲೇಜುಗಳ ಪ್ರವೇಶ ಪರೀಕ್ಷೆ) ಈಗ ಲ್ಯಾಪ್‌ಟಾಪಿನಲ್ಲಿ ಬರೆಯುವ ಪರೀಕ್ಷೆ, ಅದರ ತಯಾರಿ ಖಾನ್ ಅಕಾಡೆಮಿಯಲ್ಲಿ ಪುಕ್ಕಟೆ ಸಿಗುತ್ತದೆ. ಕೋಚಿಂಗ್‌ಗೆಂದು ಬೆಂಗಳೂರಿನಲ್ಲಿ ರೂಮ್ ಮಾಡಬೇಕಾಗಿಲ್ಲ.

ಇದೇ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ದುಡ್ಡಿನ ಕಾಗದಪತ್ರವನ್ನೂ ನೋಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಥರದ ಕೆಲವೇ ಕಾಲೇಜುಗಳು ಹೊರದೇಶದವರಿಗೂ ದುಡ್ಡಿನ ಶಕ್ತಿ ನೋಡದೆ ಸೀಟು ಕೊಟ್ಟು, ಆಮೇಲೆ ಬೇಕಾದಷ್ಟು ನೆರವು ಕೊಡುತ್ತವೆ. ಉಳಿದ ಬಹುಪಾಲು ಕಡೆ ನೆರವು ಕೇಳಿದರೆ ಸೀಟಿಗೇ ಪೈಪೋಟಿ ಹೆಚ್ಚುತ್ತದೆ. ಹಲವು ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಫಾರಂ ಕೇಳುತ್ತವೆ. ಅದರಲ್ಲಿ ಆದಾಯವೂ ಆಸ್ತಿಯೂ ಬರೆಯಬೇಕು. ನಮ್ಮ ಕಷ್ಟ ಇಲ್ಲೇ. ಕಾಗದದ ಮೇಲೆ ಎಕರೆಗಟ್ಟಲೆ ತೋಟ ಇರುತ್ತದೆ, ಕೈಯಲ್ಲಿ ಕಾಸು ಇರುವುದಿಲ್ಲ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗವಾದರೆ ಒಕ್ಕದ ಹಲವರ ಹೆಸರು ಸೇರಿರುತ್ತದೆ, ಮಾರುವುದು ಸುಲಭವಲ್ಲ. ಇದನ್ನು ವಿವರಿಸಲು ಆ ಫಾರಂನಲ್ಲಿ ಜಾಗ ಇದೆ. ಕಾಫಿ ಮಾರಿದ ರಸೀದಿ, ಸಾಲದ ಲೆಕ್ಕ, ಪಹಣಿ ಎಲ್ಲ ಒಂದು ಫೈಲಿಗೆ ಸೇರಿಸಿಡಿ.

ಕೊನೆಯದಾಗಿ ಶಿಫಾರಸು ಪತ್ರ. ಯಾವ ಮೇಷ್ಟ್ರು ನಿಮ್ಮನ್ನು ಚೆನ್ನಾಗಿ ಬಲ್ಲರೋ ಅವರನ್ನು ಜೂನ್‌ನಲ್ಲೇ ಕೇಳಿ, ಅಕ್ಟೋಬರ್‌ನಲ್ಲಿ ಅಲ್ಲ. ರಜೆಯಲ್ಲಿ ಮಾಡಿದ ಕೆಲಸದ ಬಗ್ಗೆ ಒಂದು ಪುಟ ಬರೆದು ಕೊಡಿ: ಏನು ಶುರು ಮಾಡಿದಿರಿ, ಎಲ್ಲಿ ತೊಡಕಾಯಿತು, ಹೇಗೆ ದಾಟಿದಿರಿ. ಲೆಕ್ಕದ ಹಾಳೆಯನ್ನೂ ತೋರಿಸಿ. ನನ್ನ ಹತ್ತಿರ ಹಾಗೆ ಬಂದ ಮಕ್ಕಳಿಗೆ ನಾನು ಬರೆದ ಪತ್ರಗಳೇ ಬೇರೆ ಥರ ಇರುತ್ತವೆ, ಯಾಕೆಂದರೆ ಬರೆಯಲು ನನ್ನ ಬಳಿ ವಿಷಯ ಇರುತ್ತದೆ. ನಿಮ್ಮ ಆಸಕ್ತಿಯ ವಿಷಯ ಯಾವುದು ಎಂದು ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನೂ ಮನೆಯಲ್ಲಿ ಯಾವ ಯಾವ ವರ್ಷದ ಮಳೆ ಡೈರಿ ಇದೆ ಎಂಬುದನ್ನೂ ಇಲ್ಲೇ ತಿಳಿಸಿದರೆ, ಎಲ್ಲಿಂದ ಶುರು ಮಾಡಬಹುದು ಎಂದು ಖಂಡಿತ ಹೇಳುತ್ತೇನೆ.