ಸೋಮವಾರದ ಸುಸ್ತು ರವಿವಾರ ರಾತ್ರಿನ ಶುರು ಆಗಿರ್ತೈತಿ

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಾ ಧಾರವಾಡದಾಕಿ, ವಯಸ್ಸು 34, ನವನಗರದಾಗ ಒಂದು ಖಾಸಗಿ ಆಫೀಸಿನ್ಯಾಗ ಅಕೌಂಟ್ಸ್ ನೋಡ್ತೀನಿ. ಲಗ್ನಕ್ಕ ಮುಂಚಿಂದನೂ ಶ್ರಾವಣ ಸೋಮವಾರ ಹಿಡಿತೀನ್ರಿ, ಸಂಜಿಗೆ ಪೂಜಿ ಮುಗಿಸಿ ಒಪ್ಪತ್ತು ಊಟ, ನಡುವ ಹಣ್ಣು, ಹಾಲು, ಸಾಬುದಾಣಿ ನಡಿತೈತಿ. ದಿನಾ 4 ಕಪ್ ಚಹಾ ಕುಡಿಯಾಕಿ ಆ ದಿನ ಚಹಾ ಮುಟ್ಟಂಗಿಲ್ಲ. ಈಗ ಎರಡು ವರ್ಷದಿಂದ ಮಧ್ಯಾಹ್ನ 3 ಹೊಡಿಯೂದ್ರಾಗ ತಲಿ ಸಿಡಿತೈತಿ, ಸ್ಕ್ರೀನ್ ಮ್ಯಾಲಿನ ಅಂಕಿ ಎರಡೆರಡು ಸಲ ನೋಡಬೇಕು, ಹೋದ ಸೋಮವಾರ ಚಿಗರಿ ಬಸ್ಸಿನ್ಯಾಗ ನಿಂತಾಗ ಕಣ್ಣಿಗೆ ಕತ್ತಲಿ ಬಂತು. ನಮ್ಮ ಅತ್ತಿಯವರು 65 ಆದ್ರೂ ಆರಾಮ ಹಿಡಿತಾರ, ನನಗ್ಯಾಕ ಆಗವಲ್ದು? ಬಿಡಾಕ ಮನಸ್ಸಿಲ್ರಿ. (ಹೆಸರು ಬ್ಯಾಡ, ಧಾರವಾಡ)

ಉತ್ತರ: ಅಕ್ಕಾರ, ಬಿಡ್ರಿ ಅಂತ ನಾನೂ ಹೇಳಂಗಿಲ್ಲ. ನಮ್ಮ ಮನ್ಯಾಗೂ ಶ್ರಾವಣ ಬಂತಂದ್ರ ಸೋಮವಾರ ಊಟದ ತಾಟು ಇಡೂದು ಸಂಜಿ ಪೂಜಿ ಆದಮ್ಯಾಲೇ, ಆ ದಿನ ಅಂದ್ರ ಏನು ಅಂತ ನನಗ ಗೊತ್ತೈತಿ. ಆದ್ರ 3 ಗಂಟೆಕ್ಕ ನಿಮಗ ಬರೂ ಸುಸ್ತು ಆ ಹೊತ್ತಿಗೆ ಹುಟ್ಟಿದ್ದಲ್ರಿ, ರವಿವಾರ ರಾತ್ರಿನ ಶುರು ಆಗಿರ್ತೈತಿ. ನನ್ನ ಕಡೆ ಬರೂ ಹೆಣ್ಣಮಕ್ಕಳನ್ನ ಕೇಳಿದ್ರ ಬಹಳ ಮಂದಿದು ಒಂದ ಕಥಿ, ರವಿವಾರ ಮನಿ ಒರಸೂದು, ಅರಬಿ ಒಗಿಯೂದು, ದೇವರ ಪಾತ್ರಿ ತಿಕ್ಕೂದು, ಮಕ್ಕಳ ಯೂನಿಫಾರ್ಮ್ ಇಸ್ತ್ರಿ, ಎಲ್ಲಾ ಮುಗಿಸಿ ನಿಂತಕೊಂಡ ಎರಡು ತುತ್ತು ಅನ್ನ ತಿಂದು 12ಕ್ಕ ಮಲಗೂದು, 5ಕ್ಕ ಎದ್ದು ತಲಿಮ್ಯಾಲ ಸ್ನಾನ, ಪೂಜಿ ಆಗೂತನಕ ಒಂದು ಹನಿ ನೀರು ಬಾಯಾಗ ಹಾಕಂಗಿಲ್ಲ, ಹಂಗ ಗಡಿಬಿಡಿಲೆ ಬಸ್ ಹತ್ತೂದು. ನೀವೂ ಹಿಂಗ ಮಾಡ್ತೀರಿ ಅಂತ ನನ್ನ ಅಂದಾಜು.

ಹೊಟ್ಟಿ ಖಾಲಿ ಆದ ಕೂಡ್ಲೆ ಶಕ್ತಿ ಖಾಲಿ ಆಗಂಗಿಲ್ರಿ. ಉಂಡಿದ್ದು ನಾಕೈದು ತಾಸು ಬರ್ತೈತಿ, ಆಮ್ಯಾಲ ಲಿವರ್ ತಾನು ಕೂಡಿಟ್ಟಿದ್ದ ಸಕ್ಕರಿ ಅಂಶ, ಸುಮಾರು 100 ಗ್ರಾಂ ಇರ್ತೈತಿ ಅದು, ಸ್ವಲ್ಪ ಸ್ವಲ್ಪನ ರಕ್ತಕ್ಕ ಬಿಡ್ತೈತಿ, ಅದೂ ಕಡಿಮಿ ಆಗಾಕ ಹತ್ತಿದ್ರ ಮೈಯಾಗಿನ ಕೊಬ್ಬು ಕರಗಾಕ ಶುರು ಆಗ್ತೈತಿ. ಹಂಗಾಗಿ ಬ್ಯಾರೆ ರೋಗ ಇಲ್ಲದವರಿಗೆ ಒಂದು ದಿನದ ಒಪ್ಪತ್ತು ಏನೂ ಮಾಡಂಗಿಲ್ಲ. ಆದ್ರ ರವಿವಾರ ರಾತ್ರಿ ಅರ್ಧ ಹೊಟ್ಟಿ ಉಂಡು ಲಿವರಿನ ಆ ಡಬ್ಬಿ ತುಂಬಸಲಾರದ ಮಲಗಿದ್ರ ಮರುದಿನ ಅದು ಎಷ್ಟಂತ ಕೊಡಬೇಕು? ರವಿವಾರ ರಾತ್ರಿ ಕುಂತು ಉಣ್ರಿ, ಎರಡು ಜ್ವಾಳದ ರೊಟ್ಟಿ, ಮಡಕಿಕಾಳಿಂದೋ ಹೆಸರುಕಾಳಿಂದೋ ಪಲ್ಯ, ಒಂದು ವಾಟಿ ಗಟ್ಟಿ ಮೊಸರು, ಇಷ್ಟ ಸಾಕು, ಇದು ನಿಧಾನಕ್ಕ ಪಚನ ಆಗ್ತೈತಿ. ಮತ್ತ 10:30ಕ್ಕ ಮಲಗ್ರಿ. ದೇವರ ಪಾತ್ರಿ ಶನಿವಾರನ ತಿಕ್ಕಿದ್ರೂ ನಡಿತೈತಿ, ಇಲ್ಲಾ ಮನ್ಯಾಗಿನ ಗಂಡಮಕ್ಕಳಿಗೆ ಹಚ್ಚರಿ, ಅವರ ಕೈಗೂ ಪುಣ್ಯ ಬರಲಿ.

ಇನ್ನ ತಲಿನೋವು. ನೀವು ಬರದಿದ್ದ ಓದಿದ ಕೂಡ್ಲೆ ನನಗ ಹೊಳದಿದ್ದು ಚಹಾ. ಲೆಕ್ಕ ಹಾಕ್ರಿ, ರವಿವಾರ ಸಂಜಿ 5:30ಕ್ಕ ಕಡೇ ಕಪ್ ಅಂತ ಹಿಡದ್ರ ಸೋಮವಾರ ಮಧ್ಯಾಹ್ನ 3ಕ್ಕ 21-22 ತಾಸು ಆಯ್ತು. ದಿನಾ ಚಹಾ ಕುಡಿಯೂ ಮೈಗೆ ಅದರಾಗಿನ ಕೆಫೀನ್ ನಿಂತ್ರ ತಲಿನೋವು ಬರೂದು 12ರಿಂದ 24 ತಾಸಿನ ಒಳಗ, ಸರಿಯಾಗಿ ನಿಮ್ಮ ಹೊತ್ತಿಗೇ ಬಂದು ಕುಂದರ್ತೈತಿ. ಅದು ಹಸಿವಿನ ತಲಿನೋವು ಅಂತ ನೀವು ತಿಳ್ಕೊಂಡಿರಿ, ಉಪವಾಸದ ಮ್ಯಾಲ ತಪ್ಪು ಹಾಕಾಕ ಹತ್ತೀರಿ. ಶ್ರಾವಣ ಶುರು ಆಗೂಕಿಂತ 8-10 ದಿನ ಮೊದಲ 4 ಕಪ್ ಇದ್ದಿದ್ದು 3 ಮಾಡ್ರಿ, ಆಮ್ಯಾಲ 2, ಇಡೀ ತಿಂಗಳು 1-2 ಕಪ್ಪಿನ ಮ್ಯಾಲೇ ಇರ್ರಿ, ಸೋಮವಾರ ಒಮ್ಮಿಂದೊಮ್ಮೆಲೆ ನಿಲ್ಲಿಸಿದ್ರೂ ಅಷ್ಟು ಹೊಡತ ಬೀಳಂಗಿಲ್ಲ. ನಿಮ್ಮ ಮನಿ ಪದ್ಧತಿಯೊಳಗ ಹಾಲು ನಡಿತೈತಿ ಅಂದಮ್ಯಾಲ ಮುಂಜಾನಿ ಬಾಳೆಹಣ್ಣಿನ ಜೋಡಿ ಅರ್ಧ ಕಪ್ ಚಹಾ ನಡಿತೈತೇನು ಅಂತ ಅತ್ತಿಯವರನ್ನೂ ಒಂದು ಸಲ ಕೇಳಿ ನೋಡ್ರಿ, ಖಾಲಿ ಹೊಟ್ಟಿಗೆ ಮಾತ್ರ ಬ್ಯಾಡ.

ನೀರಿಂದು ಇನ್ನೊಂದು. ಧಾರವಾಡದ ಶ್ರಾವಣ ಅಂದ್ರ ಜಿಟಿಜಿಟಿ ಮಳಿ, ತಂಪು ಗಾಳಿ, ನೀರಡಿಕಿ ಅನ್ನೂದ ಆಗಂಗಿಲ್ಲ, ಮ್ಯಾಲ ಆಫೀಸಿನ್ಯಾಗ ಎಸಿ. ನೀರಡಿಕಿ ಆಗಲಿಲ್ಲ ಅಂದ್ರ ಮೈಗೆ ನೀರು ಬ್ಯಾಡ ಅಂತಲ್ರಿ, ದಿನಾ ಊಟದಾಗಿನ ಸಾರು, ಮಜ್ಜಿಗಿ, ಪಲ್ಯದಿಂದ ಹೋಗೂ ನೀರೂ ಆ ದಿನ ಇರಂಗಿಲ್ಲ, ಮೈತೂಕದಾಗ ನೂರಕ್ಕ 2ರಷ್ಟು ನೀರು ಕಡಿಮಿ ಆದ್ರೂ ಲಕ್ಷ್ಯ ಕೊಟ್ಟು ಕೆಲಸ ಮಾಡೂ ತಾಕತ್ತು ಇಳಿತೈತಿ. ಅಂಕಿ ಎರಡು ಸಲ ನೋಡಬೇಕಾಗೂದು ಇದಕ್ಕೂ ಇರಬಹುದು. ಎದ್ದ ಕೂಡ್ಲೆ ಒಂದು ಗ್ಲಾಸ್, ಟೇಬಲ್ ಮ್ಯಾಲ ಒಂದು ಲೀಟರಿನ ಬಾಟ್ಲಿ ಇಟ್ಟು 1 ಗಂಟೆ ಒಳಗ ಅದನ್ನ ಮುಗಸ್ರಿ, ಮಧ್ಯಾಹ್ನ ಸೈಂಧವ ಉಪ್ಪು ಹಾಕಿದ ಮಜ್ಜಿಗಿ ಇಲ್ಲಾ ಲಿಂಬಿಹಣ್ಣಿನ ಶರಬತ್ತು.

ಸಾಬುದಾಣಿ ಬಗ್ಗೆ ಹೇಳಲಾರದ ಇರಾಕ ಆಗವಲ್ದು. ನಮ್ಮ ಕಡೆ ಉಪವಾಸ ಅಂದ್ರ ಸಾಬುದಾಣಿನ, ಆದ್ರ ಅದು ಬರೇ ಪಿಷ್ಟ, ಪ್ರೊಟೀನ್ ಅಂದ್ರ ಇಲ್ಲಾ ಅನ್ನಬೇಕು, 11ಕ್ಕ ಒಂದು ತಾಟು ತಿಂದ್ರ 1ಕ್ಕ ಕಣ್ಣು ಎಳಿತೈತಿ. ಪೂರಾ ಬಿಡೂದು ಬ್ಯಾಡ, ಸಾಬುದಾಣಿ ಅರ್ಧ ಮಾಡಿ ಹುರದು ಕುಟ್ಟಿದ ಶೇಂಗಾ ಡಬಲ್ ಹಾಕ್ರಿ, 100 ಗ್ರಾಂ ಶೇಂಗಾದಾಗ ಸುಮಾರು 25 ಗ್ರಾಂ ಪ್ರೊಟೀನ್ ಐತಿ, ಜೋಡಿ ಒಂದು ವಾಟಿ ಮೊಸರು. ಪರ್ಸಿನ್ಯಾಗ ಸಣ್ಣ ಡಬ್ಬಿ ಇಡ್ರಿ, ಹುರದ ಶೇಂಗಾ ಒಂದು ಮುಷ್ಟಿ, ಖರ್ಜೂರ 2, ಬಾದಾಮಿ 4-5, ಅದನ್ನ 2:30ಕ್ಕ ತಿನ್ರಿ, ಸುಸ್ತು ಬಂದಮ್ಯಾಲ ತಿನ್ನಬ್ಯಾಡ್ರಿ. ಆಫೀಸಿನ್ಯಾಗ ಯಾರರ ಬರ್ತ್‌ಡೇ ಅಂತ ಪೇಡೆ ಹಂಚತಾರ, ಹಾಲಿಂದ, ನಡಿತೈತಿ ಅಂತ ಖಾಲಿ ಹೊಟ್ಟಿಗೆ ಎರಡು ಬಾಯಿಗೆ ಹಾಕ್ಕೊಂಡ್ರ ಸಕ್ಕರಿ ಭರ್ರಂತ ಏರಿ ಹಂಗ ಇಳಿತೈತಿ, ಕಾಗದದಾಗ ಸುತ್ತಿ ಇಟ್ಕೊಂಡು ಸಂಜಿಗೆ ತಿನ್ರಿ.

ಕೆಲಸಾನೂ ಹಿಂದ ಮುಂದ ಮಾಡ್ಕೋರಿ. ಟ್ಯಾಲಿ ಮಾಡೂದು, ಜಿಎಸ್‌ಟಿ ಎಂಟ್ರಿ, ತಪ್ಪಾದ್ರ ಕುತ್ತಿಗಿಗೆ ಬರೂವಂಥದ್ದು 12ರ ಒಳಗ ಮುಗಸ್ರಿ, 3ರ ಮ್ಯಾಲ ಫೈಲಿಂಗು, ಫೋನು, ಇಮೇಲು. ಉಪವಾಸ ಇರಲಿ ಬಿಡಲಿ 2ರಿಂದ 4 ಎಲ್ಲಾರಿಗೂ ಜೋಂಪು ಹತ್ತೂ ಹೊತ್ತು, ಊಟದ ಬಿಡುವಿನ್ಯಾಗ ಟೇಬಲ್ ಮ್ಯಾಲ ತಲಿ ಇಟ್ಟು 15 ನಿಮಿಷ ಕಣ್ಣು ಮುಚ್ಚರಿ, ಅರ್ಧ ತಾಸಿನ ಮ್ಯಾಲ ಹೋದ್ರ ಎದ್ದಾಗ ಇನ್ನೂ ಜಡ. ಬಸ್ಸಿನ್ಯಾಗ ನಿಂತು ಕತ್ತಲಿ ಬಂದಿದ್ದು ಯಾಕಂದ್ರ, ಬಿಸಿನೀರಿನ ಸ್ನಾನ, ಖಾಲಿ ಹೊಟ್ಟಿ, ನೀರಿಲ್ಲ, ಮ್ಯಾಲ ಅಲ್ಲಾಡದ ನಿಂತ್ರ ರಕ್ತ ಕಾಲಿನ್ಯಾಗ ಇಳದು ಬಿಪಿ ಕೆಳಗ ಬರ್ತೈತಿ. ನಿಂತಲ್ಲೇ ಹಿಮ್ಮಡ ಎತ್ತಿ ಇಳಸ್ರಿ, ಸೀಟ್ ಕೇಳಾಕ ನಾಚಬ್ಯಾಡ್ರಿ, ಕಣ್ಣು ಮಬ್ಬಾತು ಅಂದ್ರ ಅಲ್ಲೇ ಕೆಳಗ ಕುಂತು ಬಿಡ್ರಿ, ಮಂದಿ ಏನು ಅಂತಾರ ಅಂತ ನಿಂತು ಬಿದ್ದು ತಲಿ ಒಡಕೊಂಡವ್ರನ್ನ ಹೊಲಿಗಿ ಹಾಕಿ ಕಳಿಸೀನಿ ನಾನು.

ಅತ್ತಿಯವರ ಮಾತು ಬರದೀರಲ್ಲ, ಅದು ಮನಸ್ಸಿಗೆ ಚುಚ್ಚಿರಬೇಕು. ಅವರಿಗೆ ಬಸ್ಸಿಲ್ಲ, ಸ್ಕ್ರೀನಿಲ್ಲ, ಮಧ್ಯಾಹ್ನ ಅಡ್ಡಾಗ್ತಾರ, ಮತ್ತ ತಿಂಗಳ ಮುಟ್ಟು ನಿಂತು ವರ್ಷಗಟ್ಟಲೆ ಆಗೈತಿ. ನಿಮಗ ತಿಂಗಳಾ ರಕ್ತ ಹೋಗ್ತೈತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಿ ಪ್ರಕಾರ ಕರ್ನಾಟಕದಾಗ 15ರಿಂದ 49 ವಯಸ್ಸಿನ ಹೆಣ್ಣಮಕ್ಕಳೊಳಗ ನೂರಕ್ಕ ಸುಮಾರು 48 ಮಂದಿಗೆ ರಕ್ತ ಕಡಿಮಿ. ಎರಡು ವರ್ಷದಿಂದ ಅಂತ ನೀವು ಬರದಿದ್ದಕ್ಕ ನನಗ ಚಿಂತಿ ಆಗಿದ್ದು ಇದ. ಉಪವಾಸ ಇಲ್ಲದ ದಿನಾನೂ ಮೆಟ್ಟಿಲು ಹತ್ತಿದ್ರ ಏದುಸಿರು, ಕೂದಲಾ ಉದರೂದು, ಮುಟ್ಟಿನ್ಯಾಗ ಬಹಳ ಹೋಗೂದು ಇದ್ರ ಈ ವಾರನ ಸಿಬಿಸಿ ಅನ್ನೂ ರಕ್ತ ತಪಾಸಣಿ ಮಾಡಸ್ರಿ, ಹಿಮೋಗ್ಲೋಬಿನ್ 12ರ ಕೆಳಗ ಬಂದ್ರ ಮೊದಲು ಅದಕ್ಕ ಔಷಧ ಆಗಬೇಕು, ಥೈರಾಯ್ಡೂ ಒಂದು ಸಲ ನೋಡಿಸಿಬಿಡ್ರಿ. ಊಟದ ಬೆನ್ನಿಗೇ ಚಹಾ ಕುಡಿಯೂ ರೂಢಿ ಇದ್ರ ಬಿಡ್ರಿ, ಕಬ್ಬಿಣ ಅಂಶ ಮೈಗೆ ಹತ್ತಾಕ ಬಿಡಂಗಿಲ್ಲ ಅದು.

ಸಂಜಿ ಪೂಜಿ ಆದ ಕೂಡ್ಲೆ ಮಿರ್ಚಿ ಭಜಿ, ಹೋಳಿಗಿ ಮ್ಯಾಲ ಬೀಳಬ್ಯಾಡ್ರಿ, ಮೊದಲು ನೀರು, ಒಂದು ಹಣ್ಣು, ಕಾಲು ತಾಸು ಬಿಟ್ಟು ಊಟ.

ಪ್ರಶ್ನೆ: ಸರ್, ನಾ ಹಳೇ ಹುಬ್ಬಳ್ಳಿಯಂವ, 27 ವರ್ಷ. ಗೋಕುಲ ರೋಡಿನ್ಯಾಗ ಆಫೀಸ್. ರಂಜಾನ್ ತಿಂಗಳದಾಗ ರೋಜಾ ಇರ್ತೀನಿ, ರಾತ್ರಿ ತರಾವೀಹ್ ನಮಾಜ್ ಮುಗಿಸಿ ದೋಸ್ತರ ಜೋಡಿ ಕುಂತು 1ಕ್ಕ ಮಲಗ್ತೀನಿ, ಎಚ್ಚರ ಆಗಂಗಿಲ್ಲಂತ ಬಹಳ ದಿನ ಸಹರಿ, ಅಂದ್ರ ನಸುಕಿನ ಊಟ, ಬಿಡ್ತೀನಿ. ಮಧ್ಯಾಹ್ನ ಮೀಟಿಂಗಿನ್ಯಾಗ ನಿದ್ದಿ ತಡಿಯಾಕ ಆಗಂಗಿಲ್ಲ.

ಉತ್ತರ: ತಮ್ಮಾ, ಸಹರಿ ಬಿಡೂದ ನಿಮ್ಮ ತಪ್ಪು. ನಮ್ಮ ಕಡೆ ರೋಜಾ ಅಂದ್ರ ಸುಮಾರು 13 ತಾಸು, ನೀರೂ ಇಲ್ಲ, ಸಹರಿ ಬಿಟ್ರ ಅದು 18-20 ತಾಸಿಗೆ ಹೋಗ್ತೈತಿ. ಎದ್ದು ಬರೇ ಬ್ರೆಡ್ಡು ಚಹಾ ಬ್ಯಾಡ, ರೊಟ್ಟಿ ಇಲ್ಲಾ ಚಪಾತಿ, ಎರಡು ತತ್ತಿ, ಮೊಸರು, ಬಾಳೆಹಣ್ಣು, ಉಪ್ಪಿನಕಾಯಿ ಹಪ್ಪಳ ದೂರ ಇಡ್ರಿ, ನೀರಡಿಕಿ ಏರಸ್ತಾವು. ಇಫ್ತಾರದಿಂದ ಸಹರಿ ತನಕ ಎರಡು ಎರಡೂವರಿ ಲೀಟರ್ ನೀರು ಗ್ಲಾಸ್ ಗ್ಲಾಸ್ ಹಂಚಿ ಕುಡೀರಿ, ಕಡೇ 5 ನಿಮಿಷದಾಗ ಒಮ್ಮೆಲೆ ಒಂದು ಲೀಟರ್ ಸುರುವಿದ್ರ ಮೂತ್ರದಾಗ ಹೋಗಿಬಿಡ್ತೈತಿ. ದೋಸ್ತರ ಹರಟಿ ವಾರದಾಗ ಎರಡು ದಿನ ಇರಲಿ, ಉಳಿದ ದಿನ ತರಾವೀಹ್ ಆದ ಕೂಡ್ಲೆ ಮಲಗ್ರಿ, ಮಧ್ಯಾಹ್ನ ಜೋಹರ್ ನಮಾಜ್ ಆದಮ್ಯಾಲ 15-20 ನಿಮಿಷ ಕಣ್ಣು ಮುಚ್ಚರಿ, ಮೀಟಿಂಗ್ 11ಕ್ಕ ಇಡ್ರಿ ಅಂತ ನಿಮ್ಮ ಸಾಹೇಬ್ರಿಗೆ ಒಂದು ಮಾತು ಹೇಳ್ರಿ, ಬಹಳ ಮಂದಿ ಒಪ್ತಾರ. ಜ್ವರ ವಾಂತಿ ಆದ ದಿನ ಹಟ ಬ್ಯಾಡ, ಬೀಮಾರಿ ಇದ್ದವ್ರಿಗೆ ತಪ್ಪಿದ ರೋಜಾ ಆಮ್ಯಾಲ ಕಜಾ ಅಂತ ಇಡಾಕ ನಿಮ್ಮ ದೀನ್‌ನ್ಯಾಗನ ಅವಕಾಶ ಐತಲ್ಲ.

ಪ್ರಶ್ನೆ: ನಮ್ಮ ತಂದಿಯವರಿಗೆ 62, ಹಾವೇರಿಯೊಳಗ ಅಂಗಡಿ ನೋಡ್ಕೋತಾರ. ಶುಗರ್ ಐತಿ, ಗ್ಲಿಮೆಪಿರೈಡ್ ಗುಳಿಗಿ ನಡದೈತಿ. ಏಕಾದಶಿ ನಿರಾಹಾರ ಮಾಡ್ತಾರ, ಗುಳಿಗಿ ಮಾತ್ರ ತಪ್ಪಸಂಗಿಲ್ಲ. ನಡಿತೈತೇನ್ರಿ?

ಉತ್ತರ: ನಡಿಯಂಗಿಲ್ರಿ, ಇದು ಅಪಾಯ. ಆ ಗುಳಿಗಿ ಊಟ ಇರಲಿ ಬಿಡಲಿ ಸಕ್ಕರಿ ಇಳಸ್ತೈತಿ. ಹಂಗಂತ ನೀವ ಮನ್ಯಾಗ ಕುಂತು ಗುಳಿಗಿ ಬಿಡಿಸಬ್ಯಾಡ್ರಿ, ಏಕಾದಶಿಗೆ ಒಂದು ವಾರ ಮೊದಲ ಅವರನ್ನ ನೋಡೂ ಡಾಕ್ಟರ್ ಹತ್ರ ಹೋಗಿ ಆ ದಿನದ ಡೋಸ್ ಬರಿಸ್ಕೊಂಡು ಬರ್ರಿ, ನಿರಾಹಾರದ ಬದಲಿ ಫಲಾಹಾರ ಮಾಡಾಕ ಒಪ್ಪಸ್ರಿ, ಅದ್ರಾಗೂ ಸಾಬುದಾಣಿ ಬ್ಯಾಡ, ಮಜ್ಜಿಗಿ, ಶೇಂಗಾ, ಪ್ಯಾರಲಹಣ್ಣು ಸಾಕು. ಅಂಗಡಿಯೊಳಗ ಗ್ಲುಕೋಮೀಟರ್ ಇರಲಿ, 11ಕ್ಕ, 3ಕ್ಕ ಒಂದೊಂದು ಸಲ ಚುಚ್ಚಿ ನೋಡ್ರಿ, ನಡುವ ಕೈ ನಡುಗಿ ತಣ್ಣನ ಬೆವರು ಬಂದ್ರ ಇಲ್ಲಾ ಮಾತು ತೊದಲಿದ್ರ ಆವಾಗೂ. 70ರ ಕೆಳಗ ಬಂದ್ರ ಅಲ್ಲೇ ಉಪವಾಸ ಮುಗೀತು, 3 ಚಮಚಾ ಸಕ್ಕರಿ ನೀರಿನ್ಯಾಗ ಕಲಸಿ ಕುಡಸ್ರಿ, 15 ನಿಮಿಷ ಬಿಟ್ಟು ಮತ್ತ ಚುಚ್ಚರಿ, ಏರಲಿಲ್ಲ ಅಂದ್ರ ಇನ್ನೊಂದು ಸಲ ಕುಡಸ್ರಿ. ಎಚ್ಚರ ತಪ್ಪಿದ್ರ ಮಾತ್ರ ಬಾಯಾಗ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ. ಮತ್ತ ಬಾಜೂ ಅಂಗಡಿಯವರಿಗೂ ಸಕ್ಕರಿ ಡಬ್ಬಿ ಎಲ್ಲೈತಿ ಅಂತ ತೋರಿಸಿ ಇಡ್ರಿ.