ಸಭೆಯ ಚರಿತ್ರೆ ಯಾರದು?

ಪ್ರಿಯ ಓದುಗರೇ,

ಆದಿಸಭೆಯ ಪಿತೃಗಳ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಬೋಧಕರೂ ಬರಹಗಾರರೂ ಆದವರ, ಕುರಿತು ನಾವು ಪ್ರಕಟಿಸುತ್ತಿರುವ ಲೇಖನಮಾಲೆಗೆ ತಾವು ಆಕ್ಷೇಪ ಎತ್ತಿದ್ದೀರಿ. ಸತ್ಯವೇದವೊಂದೇ ಸಾಕಾಗಿರುವಾಗ, ಅಪೊಸ್ತಲರ ಕಾಲದಿಂದ, ಲೂಥರರ ಸುಧಾರಣೆ ಆರಂಭವಾದ 1517ರವರೆಗಿನ ರೋಮನ್ ಕಥೋಲಿಕರ ಚರಿತ್ರೆಯಿಂದ ಇವ್ಯಾಂಜೆಲಿಕಲ್ ವಿಶ್ವಾಸಿಗೆ ಆಗಬೇಕಾದದ್ದೇನು ಎಂದು ಕೇಳಿದ್ದೀರಿ. ಈ ಭಾವನೆ ನಮ್ಮ ಸಭೆಗಳಲ್ಲಿ ಬಹಳ ಆಳವಾಗಿ ಬೇರೂರಿರುವುದರಿಂದ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ತಮ್ಮ ಕೈಯಲ್ಲಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಒಂದೂ ಹೆಚ್ಚುಕಡಿಮೆಯಿಲ್ಲದೆ ಹೆಸರಿಸುವ, ಇಂದು ಲಭ್ಯವಿರುವ ಅತ್ಯಂತ ಹಳೆಯ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಅವರು 367ರಲ್ಲಿ ಬರೆದ ಪಾಸ್ಕ ಹಬ್ಬದ ಪತ್ರದಲ್ಲಿದೆ. ಆ ಪುಸ್ತಕಗಳಿಗೆ ಅಧಿಕಾರ ಬಂದದ್ದು ಅವರಿಂದಲ್ಲ, ನಿಜ. ಆದರೆ ಅವುಗಳನ್ನು ಸಭೆಯಲ್ಲಿ ಓದಿ, ಕೈಬರಹದಲ್ಲಿ ನಕಲು ಮಾಡಿ, ಹಿಂಸೆಯ ದಿನಗಳಲ್ಲಿ ಬಚ್ಚಿಟ್ಟು ಉಳಿಸಿಕೊಟ್ಟವರು ತಾವು ಪರರೆಂದು ಬದಿಗಿಡುವ ಆ ಶತಮಾನಗಳ ವಿಶ್ವಾಸಿಗಳೇ.

ಸತ್ಯವೇದದ ವಚನಗಳನ್ನು ಉದ್ಧರಿಸಿದ ಮಾತ್ರಕ್ಕೆ ಬೋಧನೆ ಸರಿಯಾಗಿಬಿಡುವುದಿಲ್ಲ ಎಂಬುದನ್ನೂ ಸಭೆ ಆ ಕಾಲದಲ್ಲಿಯೇ ಕಷ್ಟಪಟ್ಟು ಕಲಿಯಿತು. ಕ್ರಿಸ್ತನು ಸೃಷ್ಟಿಸಲ್ಪಟ್ಟವನೆಂದು ವಾದಿಸಿದ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸನ ಪಕ್ಷದವರು ಜ್ಞಾನೋಕ್ತಿ 8:22ನ್ನೇ ಆಧಾರವಾಗಿ ತೋರಿಸುತ್ತಿದ್ದರು. ಬಿಷಪರು ಕೂಡಿ ನಡೆಸಿದ 325ರ ನೈಸಿಯ ಮಹಾಸಭೆ ಆ ಬೋಧನೆಯನ್ನು ತಿರಸ್ಕರಿಸಿದ ಮೇಲೂ ದಶಕಗಳ ಕಾಲ ವಾದ ನಡೆಯಿತು. ಅದೇ ಬೋಧನೆ ಇಂದು ಬೇರೆ ಹೆಸರಿನಲ್ಲಿ ಮನೆಬಾಗಿಲಿಗೆ ಬಂದಾಗ ನಮ್ಮ ಯುವಕರು ತಬ್ಬಿಬ್ಬಾಗುವುದನ್ನು ಕಂಡು ನನಗೆ ನಿಜಕ್ಕೂ ನೋವಾಗುತ್ತದೆ.

ಮಹಾಸಭೆಗಳೂ ತಪ್ಪಬಹುದೆಂದು ಜರ್ಮನಿಯ ಸುಧಾರಕ ಲೂಥರ್ 1519ರಲ್ಲಿ ಲೈಪ್ಸಿಗ್‌ನ ವಾದದಲ್ಲಿ ಹೇಳಿದ್ದು ಸರಿಯೇ, ನಾನೂ ಅದನ್ನು ಒಪ್ಪುತ್ತೇನೆ. ಆದರೂ ಸುಧಾರಕರು ಚರಿತ್ರೆಯನ್ನು ಎದುರಾಳಿಗಳಿಗೆ ಬಿಟ್ಟುಕೊಡಲಿಲ್ಲ. 1536ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕೆ ಫ್ರಾನ್ಸಿನ ಅರಸನನ್ನು ಉದ್ದೇಶಿಸಿ ಬರೆದ ಮುನ್ನುಡಿಯಲ್ಲಿ ಸುಧಾರಕ ಕ್ಯಾಲ್ವಿನ್, ಪ್ರಾಚೀನ ಪಿತೃಗಳ ಬರಹಗಳು ಬಹುಮಟ್ಟಿಗೆ ತಮ್ಮ ಪಕ್ಷವನ್ನೇ ಸಮರ್ಥಿಸುತ್ತವೆ ಎಂದು ಧೈರ್ಯವಾಗಿ ವಾದಿಸಿದರು. ನಮ್ಮ ಉಪೇಕ್ಷೆ ಅವರಿಂದ ಬಂದದ್ದಲ್ಲ. ವೈಯಕ್ತಿಕ ಮಾನಸಾಂತರಕ್ಕೆ ನಾವು ಕೊಡುವ ಒತ್ತು, ಪ್ರತಿಯೊಂದು ಉಜ್ಜೀವನವೂ ನೇರವಾಗಿ ಅಪೊಸ್ತಲರ ಕೃತ್ಯಗಳಿಂದಲೇ ಇಳಿದುಬಂದಿತೆಂಬ ಭಾವನೆ, ಇವೆರಡೂ ಸೇರಿ ನಡುವಿನ ಕಾಲವನ್ನು ನಮಗೆ ಬರಿದಾಗಿ ತೋರಿಸಿವೆ. ಆದರೆ 1738ರಲ್ಲಿ, ಮೆಥಡಿಸ್ಟ್ ಉಜ್ಜೀವನದ ನಾಯಕ ಜಾನ್ ವೆಸ್ಲಿಯವರ ಹೃದಯವನ್ನು ಬೆಚ್ಚಗಾಗಿಸಿದ್ದು, ಎರಡು ಶತಮಾನಗಳ ಹಿಂದೆ ಲೂಥರ್ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಬರೆದಿದ್ದ ಮುನ್ನುಡಿಯ ವಾಚನ!

ಬರಿದೆಂದು ನಾವು ತಿಳಿದ ಆ ಕಾಲದ ಸಭೆ ಹೇಗಿತ್ತೆಂದು ನೋಡಿ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನ್, ಚಕ್ರವರ್ತಿಗೆ ಬರೆದ ಮನವಿಯಲ್ಲಿ ಭಾನುವಾರದ ಆರಾಧನೆಯನ್ನು ವರ್ಣಿಸುತ್ತಾರೆ. ಅಪೊಸ್ತಲರ ಸ್ಮೃತಿಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿರುವಷ್ಟು ಓದುತ್ತಾರೆ, ಸಭೆ ನಡೆಸುವವನು ಬೋಧಿಸುತ್ತಾನೆ, ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ, ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಸ್ತೋತ್ರ ಸಲ್ಲಿಸಿದಾಗ ಜನರು ಆಮೆನ್ ಎನ್ನುತ್ತಾರೆ, ಬರಲಾಗದವರಿಗೆ ಸಭಾಸೇವಕರು ಅವರ ಪಾಲನ್ನು ಒಯ್ದು ಕೊಡುತ್ತಾರೆ. ಉಳ್ಳವರ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ ಸಲ್ಲುತ್ತದೆ. ದಯವಿಟ್ಟು ಆ ಭಾಗವನ್ನು ಓದಿ, ಇದು ಪರರ ಸಭೆಯೆಂದು ತಮಗೆ ಅನ್ನಿಸುತ್ತದೆಯೇ ಎಂದು ಬರೆದು ತಿಳಿಸಿ.

ಲೇಖನಮಾಲೆ ಮುಂದುವರಿಯುತ್ತದೆ. 203ರಲ್ಲಿ ಕಾರ್ಥೇಜಿನಲ್ಲಿ ಕ್ರಿಸ್ತನಿಗಾಗಿ ಪ್ರಾಣ ಕೊಟ್ಟ ಎಳೆಯ ತಾಯಿ ಪೆರ್ಪೆತುವಾಳ ಸೆರೆಮನೆಯ ಬರಹದ ಪರಿಚಯ ಮುಂದಿನ ಸಂಚಿಕೆಯಲ್ಲಿದೆ.

— ಸಂಪಾದಕ