ಟೆಕ್ಸಾಸ್ ಶಾಲೆ ಮಗಳ ಜನನ ಪ್ರಮಾಣಪತ್ರ ಒಪ್ಪುತ್ತಿಲ್ಲ: ಪ್ರತಿಕ್ರಿಯೆ
ಮೈಸೂರಿನಲ್ಲಿ ಪಡೆದ ಜನನ ಪತ್ರದಲ್ಲಿ 2023ರ ದಿನಾಂಕ ಇರುವುದಕ್ಕೆ ಶಾಲೆಯವರು ಮಗಳನ್ನು ಹುಡುಗಿಯರ ಟ್ರ್ಯಾಕ್ (ಓಟದ) ತಂಡಕ್ಕೆ ಸೇರಿಸುತ್ತಿಲ್ಲ ಅಂದಿರಿ. ಬಹುಶಃ ಅವರು ನೋಡಿರುವುದು ಪತ್ರ ಕೊಟ್ಟ ದಿನಾಂಕ, ನೋಂದಣಿ ದಿನಾಂಕ ಅಲ್ಲ. ಟೆಕ್ಸಾಸ್‌ನಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಶಾಲಾ ಕ್ರೀಡೆಯ ಕಾನೂನು ಹೌಸ್ ಬಿಲ್ 25 ಪ್ರಕಾರ, ಯಾವ ತಂಡ ಅನ್ನುವುದಕ್ಕೆ ಜನನ ಪತ್ರದಲ್ಲಿ ಹುಟ್ಟಿದಾಗ ಅಥವಾ ಅದರ ಆಸುಪಾಸಿನಲ್ಲಿ ದಾಖಲಾದ ಲಿಂಗವೇ ಲೆಕ್ಕಕ್ಕೆ. ಗುರಿ ಟ್ರಾನ್ಸ್ (ಲಿಂಗ ಪರಿವರ್ತಿತ) ಮಕ್ಕಳು, ಕಾಗದದ ಓಡಾಟ ಮಾತ್ರ ಎಲ್ಲರಿಗೂ!

ಮೊದಲು ಪತ್ರದಲ್ಲಿ ನೋಂದಣಿ ದಿನಾಂಕ ಹುಡುಕಿ. ಅದಕ್ಕೆ ಗುರುತು ಹಾಕಿ ಅಥ್ಲೆಟಿಕ್ ಡೈರೆಕ್ಟರ್‌ಗೆ (ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ) ಈಮೇಲ್ ಮಾಡಿ. ಕೋಚ್ ಹತ್ತಿರ ಸುಮ್ನೆ ವಾದ ಬೇಡ. ನೋಂದಣಿಯೇ ತಡವಾಗಿದ್ದರೆ ಸ್ವಲ್ಪ ಕಷ್ಟ. ಸರಿಯಾದ ಜನನ ಪತ್ರ ಸಿಗದಿದ್ದಾಗ ಬೇರೆ ಸರ್ಕಾರಿ ದಾಖಲೆಗೆ ಕಾನೂನಿನಲ್ಲೇ ಅವಕಾಶ ಇದೆ. ಮಗಳ ಮೊದಲ ಪಾಸ್‌ಪೋರ್ಟ್ ಲಗತ್ತಿಸಿ. ಒಪ್ಪುವುದು ಬಿಡುವುದು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಆ ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ) ಕೈಯಲ್ಲಿದೆ, ಹಾಗಾಗಿ ಉತ್ತರವನ್ನು ಬರಹದಲ್ಲೇ ಕೇಳಿ.